ಅಳತೆ ಚೀಟಿಯ ಬೆನ್ನಿನ ಇಂಗ್ಲಿಷ್

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಪೇಪರ್ ಓದಲು ಕಲಿತದ್ದು ಸ್ವಂತವಾಗಿ, ಕೋಟು ಹೊಲಿಯಲು ಕಲಿತದ್ದೂ ಸ್ವಂತವಾಗಿ. ಅಂಥವನಿಗೆ ಇಂಗ್ಲಿಷ್ ಯಾವ ಲೆಕ್ಕ! ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅಳಿಯ ಬಂದಾಗಲೆಲ್ಲ ಮೊಳದುದ್ದದ ಪದವೊಂದನ್ನು ಎಸೆದು, ನಾನು ಮಿಕಮಿಕ ನೋಡುವುದನ್ನು ಕಂಡು ಮೀಸೆಯೊಳಗೇ ನಗುತ್ತಿದ್ದ. ದಿನಕ್ಕೆ ಹತ್ತು ಕಠಿಣ ಪದ ನುಂಗಿ ಅವನ ಸೊಕ್ಕು ಮುರಿಯುತ್ತೇನೆಂದು ಶಪಥ ಮಾಡಿದೆ.

"ನೋಡ್ತಿರು, ಮುಂದಿನ ಸಲ ಅವರೇ ನನ್ನ ಹತ್ರ ಅರ್ಥ ಕೇಳ್ಬೇಕು!" ಎಂದೆ ಹೆಂಡತಿಗೆ.

"ಮೊದ್ಲು ಅವರ ಕೋಟು ಹೊಲೀರಿ. ಸೋಮವಾರ ಹನ್ನೊಂದಕ್ಕೆ ಪ್ರಿನ್ಸಿಪಾಲ್ ಕೆಲಸದ ಇಂಟರ್‌ವ್ಯೂ ಅಂತೆ."

ನಮ್ಮ ಅಂಗಡಿಯಲ್ಲಿ ಅಳತೆ ಚೀಟಿಗೆ ಹೆಸರು ಬರೆಯುವ ಪದ್ಧತಿಯಿಲ್ಲ. ಯಾರ ಬಟ್ಟೆಯೋ ಅದಕ್ಕೇ ಪಿನ್ನು ಚುಚ್ಚಿ ಇಡುವುದು. ಚೀಟಿಗಳ ಬೆನ್ನು ಖಾಲಿ ಇತ್ತಲ್ಲ, ಅಲ್ಲೇ ಪದ, ಅರ್ಥ ಬರೆದುಕೊಂಡೆ. ಬೆಳಗ್ಗೆ ಚೀಟಿಗಳನ್ನೆಲ್ಲ ಬಿಚ್ಚಿ ಜೇಬಿಗಿಳಿಸಿ, ರಸ್ತೆಯುದ್ದ ಉರು ಹೊಡೆದು, ಬಂದು ಮತ್ತೆ ಚುಚ್ಚುತ್ತಿದ್ದೆ. ಯಾವುದು ಯಾವುದಕ್ಕೆ? ನನ್ನಂಥ ಜ್ಞಾಪಕಶಕ್ತಿಯವನಿಗೆ ಇದೂ ಒಂದು ಪ್ರಶ್ನೆಯೇ!

ಅಳಿಯನ ಕೋಟು ಕತ್ತರಿಸುವಾಗ ಬಟ್ಟೆ ಸಾಲದೆ ಬಂತು. ಜವಳಿ ಅಂಗಡಿಯವನು ಮೋಸ ಮಾಡಿದನೆಂದು ಬೈದು, ಇನ್ನೊಂದು ಮೀಟರ್ ತರಿಸಿದೆ!

ಸೋಮವಾರ ಹತ್ತಕ್ಕೆ ಅಳಿಯ ಕೋಟು ತೊಟ್ಟ. ಬೆರಳೇ ಕಾಣಲಿಲ್ಲ. ಒಳಗೆ ಇನ್ನೊಬ್ಬ ಪ್ರಿನ್ಸಿಪಾಲನಿಗೆ ಜಾಗವಿತ್ತು. ಚೀಟಿ ಅದಲುಬದಲಾಗಿತ್ತು, ಅದು ಬೇಕರಿಯ ದಢೂತಿ ಯಜಮಾನನ ಅಳತೆ!

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, ಮಹಾ ಅನಾಹುತ ಎಂಬರ್ಥಕ್ಕೆ ಉರು ಹೊಡೆದಿದ್ದ ಪದ, "ಕೆಟಾಸ್ಟ್ರಫಿ!"

"ಅರ್ಥ ಗೊತ್ತಾ ಮಾವ?" ಅಳಿಯ ಹಲ್ಲು ಕಡಿದ.

"ಅರ್ಥ ಯಾಕೆ ಕೇಳ್ತೀರಿ, ಹೊಲಿದೇ ತೋರಿಸಿದ್ದಾರಲ್ಲ!" ಎನ್ನುತ್ತ ನನ್ನ ಹೆಂಡತಿ ಅವನನ್ನು ನಿಲ್ಲಿಸಿಕೊಂಡೇ ತೋಳು ಒಳಮಡಚಿ, ಬೆನ್ನ ಹಿಂದೆ ಇಪ್ಪತ್ತು ಪಿನ್ನು ಚುಚ್ಚಿದಳು. "ಕೂತಾಗ ಒರಗಬೇಡಿ. ಯಾರಿಗೂ ಬೆನ್ನು ತೋರಿಸಬೇಡಿ."

ಪಾಪ, ಅವನು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು, ಕೊನೆಗೆ ಹಿಂದಹಿಂದಕ್ಕೇ ನಡೆದು ಬಾಗಿಲು ದಾಟಿದನಂತೆ. ಎಂಥ ವಿನಯ ಎಂದು ಸಮಿತಿಯವರು ಕರಗಿ, ಕೆಲಸ ಕೊಟ್ಟೇಬಿಟ್ಟರು!

ಸಂಜೆ ಎದೆಯುಬ್ಬಿಸಿ ಟೇಪು ಹಿಡಿದೆ. "ನೋಡಿದ್ರಾ ಅಳಿಯಂದ್ರೇ, ನನ್ನ ಕೋಟಿನ ಮಹಿಮೆ! ಬನ್ನಿ, ಪ್ರಿನ್ಸಿಪಾಲರಿಗೆ ಹೊಸದೊಂದು ಹೊಲೀತೀನಿ."

ಅಳಿಯ ಎರಡು ಹೆಜ್ಜೆ ಸರಿದು ನಿಂತು, ಒಂದೇ ಒಂದು ಇಂಗ್ಲಿಷ್ ಪದ ಹೇಳಿದ. ಉರು ಹೊಡೆಯದೆ, ಯಾರನ್ನೂ ಕೇಳದೆ, ಅದರ ಅರ್ಥ ನೇರ ನನ್ನ ಎದೆಗೇ ನಾಟಿತು.

"ರೆಡಿಮೇಡ್!"