ಯೀಸ್ಟಿನ ಒಲೆ ಕೆಡಿಸುವ ಉದ್ಯೋಗ

ಪ್ರಯೋಗಾಲಯದಲ್ಲಿ ಎಡವಟ್ಟು ಎಲ್ಲರಿಗೂ ಇದ್ದದ್ದೇ. ನನ್ನ ಪಾಲಿಗೆ ಬರುವುದು ಮಾತ್ರ ನಗುವಂಥ ಎಡವಟ್ಟೇ, ಅದೂ ಯಾಕೆ ಆಯಿತೆಂದು ಎಲ್ಲರಿಗಿಂತ ಕಡೆಗೆ ನನಗೆ ತಿಳಿಯುತ್ತದೆ. ನನ್ನ ಮನೆ ಕಿತ್ತೂರಿನಲ್ಲಿ, ನೌಕರಿ ಬೈಲಹೊಂಗಲದ ಒಂದು ಕಾಲೇಜಿನಲ್ಲಿ. ಪಾಠದ ಜೊತೆಗೆ ಪಿಎಚ್.ಡಿ. ಬೇರೆ ಹಚ್ಚಿಕೊಂಡಿದ್ದೇನೆ. ರಾಸಾಯನಿಕದ ಜೊತೆ ಬೆಳಕೂ ಸೇರಿದರೆ ಯೀಸ್ಟಿನ ಮೈಟೊಕಾಂಡ್ರಿಯಾ ಹೆಚ್ಚು ಕೆಡುತ್ತದೆಯೇ ಎಂಬುದು ನನ್ನ ವಿಷಯ. ಕೆಡುತ್ತದೆ ಎಂದು ನನ್ನ ಹಟ. ಬೆಳಕಿನಿಂದ ಏನೂ ಫರಕು ಬೀಳುವುದಿಲ್ಲ ಎಂದು ಧಾರವಾಡದ ನನ್ನ ಗೈಡರ ಮತ, ತಮ್ಮ ಲ್ಯಾಬಿನಲ್ಲಿ ಬೆಳಕು ಕತ್ತಲೆ ಎರಡರಲ್ಲೂ ಇಟ್ಟು ನೋಡಿ ಅವರು ಗಳಿಸಿದ ಹೆಸರೆಲ್ಲ ಅದರ ಮೇಲೆಯೇ ನಿಂತದ್ದು. ಹೀಗಾಗಿ ನಾನು ಶುರುವಿನಿಂದಲೂ ಗೊಂದಲದಲ್ಲೇ ಇದ್ದೇನೆ.

ಕಾಕಾನ ಪ್ರಶ್ನೆ

ಮುನವಳ್ಳಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಕಾಕಾ, ನೀನು ಮಾಡುವುದಾದರೂ ಏನು ಎಂದು ಕೇಳಿದರು. ಯೀಸ್ಟ್ ಎಂದರೆ ಕಣ್ಣಿಗೆ ಕಾಣದ ಜೀವ, ಅದರೊಳಗೆ ಮೈಟೊಕಾಂಡ್ರಿಯಾ ಎಂಬ ಒಲೆ ಇರುತ್ತದೆ, ಹಳದಿ ಬಣ್ಣದ ಒಂದು ರಾಸಾಯನಿಕ ಹಾಕಿ ನಾನು ಆ ಒಲೆ ಕೆಡಿಸುತ್ತೇನೆ ಎಂದೆ. ಕೆಟ್ಟರೆ ಸಾಯುತ್ತದೆಯೇ ಎಂದರು. ಇಲ್ಲ, ಸಕ್ಕರೆ ಕೊಡುತ್ತಿದ್ದರೆ ಬದುಕಿರುತ್ತದೆ, ಆದರೆ ಏಳಿಗೆ ಇಲ್ಲ, ಅದರ ಮಕ್ಕಳು ಮೊಮ್ಮಕ್ಕಳೂ ಹಾಗೆಯೇ ಎಂದು ಬಿಡಿಸಿ ಹೇಳಿದೆ. ಕಾಕಾ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, ಎದುರಿನ ಸಾಲಿನಲ್ಲಿ ಉಣ್ಣುತ್ತಿದ್ದ ತಮ್ಮ ಮನೆ ಅಳಿಯನನ್ನು ಬಹಳ ಹೊತ್ತು ನೋಡಿದರು.

"ಇದಕ್ಕ ಔಷಧ ಯಾಕಪಾ ಬೇಕು? ನಮ್ಮ ಮನ್ಯಾಗ ತಾನ ಆಗೇತಿ."

ಬೇಕರಿಯವರ ಸಲಹೆ

ಒಮ್ಮೆ ವಿದ್ಯಾರ್ಥಿಗಳ ಪ್ರಾಕ್ಟಿಕಲ್ಲಿಗೆ ಯೀಸ್ಟ್ ಸಾಲದೆ ಪೇಟೆಯ ಬೇಕರಿಗೆ ಹೋದೆ. ಬೇಕರಿಯ ಮಾಲಕರಿಗೆ ಖುಷಿಯಾಯಿತು. ಕಾಲೇಜಿನವರೂ ಬ್ರೆಡ್ಡು ಮಾಡುತ್ತೀರೇನು ಎಂದು ಕೇಳಿದರು. ಇಲ್ಲ, ಯೀಸ್ಟ್ ಸರಿಯಾಗಿ ಬೆಳೆಯದ ಹಾಗೆ ಮಾಡುತ್ತೇವೆ ಎಂದೆ. ಅವರ ಮುಖ ಸಪ್ಪಗಾಯಿತು. ಅದನ್ನು ಉಬ್ಬಿಸಲಿಕ್ಕೆ ಬೆಳಗಾಗೆದ್ದು ಒದ್ದಾಡುವವರು ಅವರು, ಪಗಾರ ತೆಗೆದುಕೊಂಡು ಅದನ್ನು ಕೆಡಿಸುವವನು ನಾನು. ಕಟ್ಟಿಟ್ಟ ಪೊಟ್ಟಣ ಕೊಡಲೋ ಬೇಡವೋ ಎಂದು ಕೈಯಲ್ಲೇ ಹಿಡಿದುಕೊಂಡು ನಿಂತರು.

"ಕೆಡಸೂದ ಕಲೀಬೇಕಂದ್ರ ನಿಮ್ಮ ಹುಡುಗರನ್ನ ಇಲ್ಲೆ ಕಳಸ್ರಿ ಸರ. ನಮ್ಮ ಹೊಸಾ ಭಟ್ಟಿಯವ ಯಾವ ಔಷಧಾನೂ ಇಲ್ಲದ ಕೆಡಸ್ತಾನ."

ಬೀಜಕ್ಕೆ ಇಟ್ಟದ್ದು

ಗಾಜಿನ ತಟ್ಟೆಯಲ್ಲಿ ಬಿಟ್ಟ ಯೀಸ್ಟ್ ಬೆಳೆದು ಬಿಳಿ ಚುಕ್ಕೆಗಳಾಗುತ್ತವೆ. ಒಲೆ ನೆಟ್ಟಗಿದ್ದರೆ ದಪ್ಪ ಚುಕ್ಕೆ, ಕೆಟ್ಟಿದ್ದರೆ ಸಣ್ಣ ಚುಕ್ಕೆ. ನನ್ನ ಪಿಎಚ್.ಡಿ. ಪೂರ್ತಿ ಆ ಸಣ್ಣ ಚುಕ್ಕೆಗಳ ಮೇಲೆಯೇ. ರಜೆ ಮುಗಿಸಿ ಬಂದು ನೋಡಿದರೆ ಸಣ್ಣ ಚುಕ್ಕೆಯ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಒಣಗಲು ಇಟ್ಟಾಗಿತ್ತು. ದಪ್ಪ ಚುಕ್ಕೆಯವು ಮಾತ್ರ ಕಪಾಟಿನಲ್ಲಿ ಮಡಿ ಬಟ್ಟೆ ಹೊದ್ದುಕೊಂಡು ಕುಳಿತಿದ್ದವು.

ಇದು ನಮ್ಮ ಲ್ಯಾಬಿನ ಸಹಾಯಕಿಯ ಕೆಲಸ. ಚಚಡಿ ಊರಿನ ಒಕ್ಕಲುತನದ ಮನೆಯವರು, ಅಕ್ಕಾರು ಎಂದೇ ನಾನು ಕರೆಯುವುದು. ನನಗೆ ಅಳು ಬರುವುದೊಂದು ಬಾಕಿ. ಅಕ್ಕಾರು ಮಾತ್ರ, ತಮ್ಮ ಹೊಲದಲ್ಲಿ ಜೋಳದ ದಪ್ಪ ತೆನೆ ಆರಿಸಿ ಬೀಜಕ್ಕೆ ಎತ್ತಿಡುವ ಹಾಗೆಯೇ ಇದನ್ನೂ ಮಾಡಿದ್ದರು.

"ಸಣ್ಣವು ಬರೇ ಜೊಳ್ಳ ಇದ್ದೂರಿ ಸರ. ಮುಂದಿನ ಸಲಾ ನೋಡ್ರಿ, ಬೆಳಿ ಹೆಂಗ ಬರತೈತಿ."

ಕತ್ತಲೆಯ ಖೋಲಿ

ಎಲ್ಲ ಮತ್ತೆ ಮೊದಲಿನಿಂದ ಶುರು ಮಾಡಿದೆ. ರಾಸಾಯನಿಕ ಹಾಕಿದ ತಟ್ಟೆಗಳಲ್ಲಿ ಅರ್ಧವನ್ನು ಬೆಳಕಿನಲ್ಲಿ ಇಟ್ಟೆ, ಇನ್ನರ್ಧವನ್ನು ಕಿಟಕಿ ಇಲ್ಲದ ಸ್ಟೋರ್ ಖೋಲಿಯ ಕತ್ತಲೆಯಲ್ಲಿ. ಅಲ್ಲಿ ಲೈಟು ಹಾಕಬಾರದೆಂದು ಅಕ್ಕಾರಿಗೆ ತಾಕೀತು ಮಾಡಿದೆ. ಅವರು ದಿನವಿಡೀ ಆ ಬಾಗಿಲ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ಆದರೂ ಪ್ರತಿ ಸಲ ಎರಡೂ ಕಡೆ ಸಣ್ಣ ಚುಕ್ಕೆಗಳು ಹೆಚ್ಚು ಕಡಿಮೆ ಅಷ್ಟೇ. ರಾಸಾಯನಿಕ ಬದಲಿಸಿದೆ, ತಟ್ಟೆ ಬದಲಿಸಿದೆ, ಕಡೆಗೆ ನನ್ನ ಕನ್ನಡಕವನ್ನೂ ಬದಲಿಸಿದೆ. ಈ ಸಲ ಬಂದು ನೋಡುತ್ತೇನೆ, ಫರಕು ಕಾಣದಿದ್ದರೆ ಈ ವಿಷಯ ಕೈಬಿಡಿ ಎಂದರು ಗೈಡರು. ವರ್ಷಗಟ್ಟಲೆ ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಬಿದ್ದು ಗೈಡರು ಕಾಲೇಜು ಮುಟ್ಟುವಾಗ ಸಂಜೆಯಾಗಿತ್ತು. ದಿನವೂ ಆ ಹೊತ್ತಿಗೆ ನಾನು ಕಿತ್ತೂರಿನ ಬಸ್ಸಿನಲ್ಲಿರುತ್ತೇನೆ. ಅವರು ತಟ್ಟೆಗಳನ್ನು ನೋಡಿ, ಎರಡೂ ಒಂದೇ ಅಲ್ಲವೇ ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಅಕ್ಕಾರು ಚಹಾ ತಂದಿಟ್ಟು, ಕೈ ತೊಳೆದು, ನೆಟ್ಟಗೆ ಕತ್ತಲೆಯ ಖೋಲಿಗೆ ಹೋಗಿ ಟ್ಯೂಬ್‌ಲೈಟು ಹಾಕಿದರು. ಬೆಳಕಿಗೆ ಕೈ ಮುಗಿದರು. ಗೈಡರೂ ಕುಳಿತಲ್ಲಿಂದಲೇ ಕೈ ಮುಗಿದರು. ನಾನೂ ಮುಗಿದೆ. ಮುಗಿದ ಕೈ ಹಾಗೆಯೇ ಇಟ್ಟುಕೊಂಡು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಲೈಟು ಹಾಕಬಾರದು ಎಂದಿದ್ದೆನಲ್ಲ ಅಕ್ಕಾರ ಎಂದೆ. ಹಗಲು ಹಾಕಿಲ್ಲ ಎಂದರು. "ಮುಚ್ಚಂಜ್ಯಾಗ ಖೋಲಿ ಕತ್ತಲ ಇಡಬಾರದ್ರಿ ಸರ. ಲಕ್ಷ್ಮಿ ಬರೂ ಹೊತ್ತು. ಮನೀಗೆ ಹೋಗೂ ಮುಂದ ಆರಿಸಿ ಹೊಕ್ಕೇನಿ."

ನನಗೆ ಸಿಟ್ಟು ಬರಬೇಕೋ, ಅವರ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಕತ್ತಲೆಯ ತಟ್ಟೆಗಳೂ ದಿನಾ ಬೆಳಕು ಕುಡಿದಿದ್ದವು. ಗೈಡರು ದೊಡ್ಡ ಮನಸ್ಸು ಮಾಡಿ, ಹಾಗಾದರೆ ಇದು ಲೆಕ್ಕಕ್ಕಿಲ್ಲ, ವಿಷಯ ಬಿಡಬೇಡಿ, ಮತ್ತೊಮ್ಮೆ ಮಾಡಿ ಎಂದರು. ಧಾರವಾಡದಲ್ಲಿ ನಮ್ಮ ಲ್ಯಾಬು ನೋಡಿ, ಅಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂದೂ ಸೇರಿಸಿದರು.

ಅಕ್ಕಾರು ಅವರಿಗೆ ಸಮಾಧಾನ ಹೇಳಿದರು.

"ನೀವೇನ ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ನಿಮ್ಮಲ್ಲೆ ಕೆಲಸಕ್ಕಿರೂದು ನಮ್ಮ ಅಕ್ಕ. ಅಕೀ ಸೇರಿದಾಗಿಂದ ನಿಮ್ಮ ಕತ್ತಲ ಖೋಲ್ಯಾಗ ಒಂದ ದಿನಾನೂ ಲೈಟ ತಪ್ಪಿಸಿಲ್ಲ."

ಗೈಡರು ಚಹಾ ಕುಡಿಯದೆ ಎದ್ದು, ಧಾರವಾಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.