ಈರಣ್ಣನ ನೊಣ, ನನ್ನ ಬ್ರಷ್ಷು

ಹುಳುಗಳ ಫೋಟೋ ತೆಗೆಯಲು ತಾಳ್ಮೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಸುರೇಬಾನದ ನನ್ನ ಗೆಳೆಯ ಈರಣ್ಣನ ಬಗ್ಗೆಯಂತೂ ರಾಮದುರ್ಗದಿಂದ ಬೈಲಹೊಂಗಲದವರೆಗೆ ಇದೇ ಮಾತು: ಒಂದು ಇರುವೆಯ ಸಲುವಾಗಿ ಅರ್ಧ ದಿನ ಹೊಲದಲ್ಲಿ ಬೋರಲು ಬಿದ್ದಿರುತ್ತಾನಂತೆ, ಎಂಥ ತಾಳ್ಮೆಯಂತೆ. ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನ ದಿನಗಳಲ್ಲಿ ಊರೂರು ಸುತ್ತಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬಂದವನು ನಾನು. ಯಾರಾದರೂ 'ಎಲ್ಲರಿಗೂ ಗೊತ್ತಿರುವಂತೆ' ಎಂದರೆ ಸಾಕು, ನನ್ನ ಕೈ ಮೈಕು ಹುಡುಕತೊಡಗುತ್ತದೆ. ಮೊದಲನೆಯ ಪ್ರಶ್ನೆ, ತಾಳ್ಮೆ ಯಾರದು? ಅಷ್ಟು ದೊಡ್ಡ ಲೆನ್ಸನ್ನು ಮುಖಕ್ಕೆ ತಂದು ಹಿಡಿದರೂ ಹಾರಿಹೋಗದೆ ಕುಳಿತದ್ದು ಹುಳು. ಎರಡನೆಯದು, ಈರಣ್ಣನ ಅಂಗಡಿಯಲ್ಲಿ ಮಾರುವುದೇನು? ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆ. ಬೆಳಗಿನಿಂದ ಹುಳ ಸಾಯುವ ಎಣ್ಣೆ ಮಾರಿ, ಸಂಜೆ ಬದುಕಿ ಉಳಿದ ಹುಳುಗಳ ಮುಂದೆ ಮೊಣಕಾಲೂರಿ ಕ್ಯಾಮೆರಾ ಹಿಡಿಯುವವನನ್ನು ಕೀಟಪ್ರೇಮಿ ಎನ್ನುತ್ತಾರೆ. ಬೆಕ್ಕೂ ಇಲಿಯ ಬಿಲದ ಮುಂದೆ ಅರ್ಧ ದಿನ ಕೂರುತ್ತದೆ; ಅದನ್ನು ಯಾರೂ ಇಲಿಪ್ರೇಮಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಈ ವಾದವನ್ನು ಈರಣ್ಣನ ಎದುರಿಗೇ ಮಂಡಿಸಿದೆ. ಅವನು ನಕ್ಕು, "ಖರೇ ಐತಿ ಬಿಡಲೇ ಮಂಜ್ಯಾ" ಎಂದ. ಕೂಡಲೇ ಒಪ್ಪಿಕೊಂಡುಬಿಡುವ ಎದುರಾಳಿಯಷ್ಟು ಕೆಟ್ಟವನು ಲೋಕದಲ್ಲಿ ಬೇರೆ ಇಲ್ಲ.

ಇವನಿಗೆ ಹೊಟ್ಟೆಕಿಚ್ಚು ಎಂದು ನೀವು ಅಂದುಕೊಂಡಿರಬಹುದು. ಸರಿಯಾಗಿಯೇ ಅಂದುಕೊಂಡಿದ್ದೀರಿ. ಆದರೆ ಅದಕ್ಕೆ ತಕ್ಕ ಆಧಾರವೂ ಇದೆ. ಬೈಲಹೊಂಗಲದಲ್ಲಿ ನನ್ನ ಸೋದರಮಾವನ ಫೋಟೋ ಸ್ಟುಡಿಯೋ ಇದೆ. ಅಲ್ಲಿ ಮದುವೆಯ ಆಲ್ಬಮ್ಮುಗಳನ್ನು ಎಡಿಟ್ ಮಾಡುವವನು ನಾನು. ಆಲ್ಬಮ್ ತೆರೆದವರೆಲ್ಲ ಫೋಟೋ ಯಾರು ತೆಗೆದದ್ದು ಎಂದು ಕೇಳುತ್ತಾರೆ. ಈ ಹುಡುಗಿಗೆ ಈ ಮುಖ ಕೊಟ್ಟವರು ಯಾರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನಮ್ಮ ಮಾಮಾನದೊಂದು ಕಟ್ಟಪ್ಪಣೆ. ಮದುಮಗಳ ಮುಖದ ಮೇಲೆ ಒಂದು ಕೂದಲೂ, ಒಂದು ಮಚ್ಚೆಯೂ ಉಳಿಯಬಾರದು. ಹಿಂದೊಮ್ಮೆ ಹುಡುಗಿಯ ಮೇಲ್ದುಟಿಯ ನವಿರು ಕಾಣುತ್ತದೆಂದು ಬೀಗರು ಆಲ್ಬಮ್ಮನ್ನೇ ತಿರುಗಿಸಿ ಕಳಿಸಿದ್ದರಂತೆ. ಹಾಗಾಗಿ ಫೋಟೋ ಯಾವುದೇ ಇರಲಿ, ಮೊದಲು ಕಂಪ್ಯೂಟರಿನ ಬ್ರಷ್ಷಿನಿಂದ ಮುಖ ಸ್ವಚ್ಛ ಮಾಡಬೇಕು, ಆಮೇಲೆ ಕಣ್ಣಿಗೊಂದು ಬೆಳಕಿನ ಚುಕ್ಕೆ ಇಡಬೇಕು, ಉಳಿದದ್ದೆಲ್ಲ ನಂತರ. ಕೈಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಬಸ್ಸಿನಲ್ಲಿ ಎದುರು ಕುಳಿತವರ ಗಲ್ಲದ ಮೇಲೆ ಮಚ್ಚೆ ಕಂಡರೂ ನನ್ನ ತೋರುಬೆರಳು ಮಿಡುಕುತ್ತದೆ.

ಹೀಗಿರುವಾಗ ಸವದತ್ತಿಯಲ್ಲಿ ಕಪ್ಪು ಬಿಳುಪು ಫೋಟೋಗಳ ಪ್ರದರ್ಶನ ಎಂಬ ಸುದ್ದಿ ಬಂತು. ಆಯ್ಕೆಯಾದ ಫೋಟೋ ಗೋಡೆಯ ಮೇಲೆ, ಅದರ ಕೆಳಗೆ ಹೆಸರು. ಈರಣ್ಣ ಪೆನ್‌ಡ್ರೈವ್ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದ, ನಿನ್ನ ಕೈಯಲ್ಲಿ ಎಡಿಟ್ ಚಲೋ ಆಗುತ್ತದೆ, ಇದೊಂದನ್ನು ನೋಡು ಎಂದ. ಜೋಳದ ಎಲೆಯ ಮೇಲೆ ಕುಳಿತ ಒಂದು ನೊಣ. ಅಂತಿಂಥದ್ದಲ್ಲ, ಹಾರುತ್ತಲೇ ಬೇರೆ ಹುಳುಗಳನ್ನು ಹಿಡಿದು ತಿನ್ನುವ ದರೋಡೆಕೋರ ನೊಣವಂತೆ. ನಾನು ಷರತ್ತು ಹಾಕಿದೆ. ಕೆಳಗೆ ಎರಡು ಹೆಸರು ಇರಬೇಕು, ಅವನದೂ ನನ್ನದೂ. ಅವನು ಒಪ್ಪುವುದಿಲ್ಲವೆಂದುಕೊಂಡು, ಕಲ್ಲಿನಿಂದ ಮೂರ್ತಿ ಮಾಡಿದವನು ದೊಡ್ಡವನೋ ಗುಡ್ಡದಿಂದ ಕಲ್ಲು ತಂದವನು ದೊಡ್ಡವನೋ ಎಂಬ ವಾದವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವನು "ಆತು, ಹಾಕೋಣು" ಎಂದುಬಿಟ್ಟ. ಮೂರ್ತಿ, ಕಲ್ಲು, ಗುಡ್ಡ ಎಲ್ಲವೂ ನನ್ನ ಗಂಟಲಲ್ಲೇ ಉಳಿದವು.

ಕೆಲಸವನ್ನು ಮಾತ್ರ ಮನಸ್ಸಿಟ್ಟು ಮಾಡಿದೆ. ಬಣ್ಣ ತೆಗೆದ ಕೂಡಲೇ ಹಸಿರು ಎಲೆ, ಕಂದು ನೊಣ ಎರಡೂ ಒಂದೇ ಬೂದುಬಣ್ಣವಾಗಿ ಕಲಸಿಹೋದವು. ಎಲೆಯನ್ನು ಕತ್ತಲೆಗೆ ತಳ್ಳಿದೆ, ರೆಕ್ಕೆಯನ್ನು ಬೆಳಕಿಗೆ ಎಳೆದೆ. ರೆಕ್ಕೆಯ ನರಗಳು ಬೆಳ್ಳಿಯ ತಂತಿಯ ಹಾಗೆ ಎದ್ದು ಬಂದವು. ನೊಣ ರಾಜಗಾಂಭೀರ್ಯದಿಂದ ಕುಳಿತಿತ್ತು. ಅವನ ಅಭಿಪ್ರಾಯ ಯಾರಿಗೆ ಬೇಕು ಎಂದು ಈರಣ್ಣನಿಗೆ ತೋರಿಸದೆಯೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನೇರವಾಗಿ ಸವದತ್ತಿಗೆ ಒಯ್ದೆ.

ಪ್ರದರ್ಶನ ಇದ್ದದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಪ್ರಿಂಟ್ ಬಿಚ್ಚಿದಾಗ ಈರಣ್ಣ ಅದನ್ನು ನೋಡಿದ, ನನ್ನನ್ನು ನೋಡಿದ, ಭಾರೀ ಬಂದಿದೆ ಎಂದ. ಆಯ್ಕೆ ಮಾಡಲು ಬಂದವರು ಕೃಷಿ ಕಾಲೇಜಿನಲ್ಲಿ ಕೀಟಗಳ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಡಂ. ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು. ಮೆಚ್ಚಿದ್ದಾರೆ ಎಂದುಕೊಂಡು ನಾನು ಕಾಲರ್ ಸರಿಪಡಿಸಿಕೊಂಡೆ.

"ಇದರ ಮೀಸಿ ಎಲ್ಲಿ ಹೋದವಪಾ?" ಎಂದರು.

ಈ ನೊಣಕ್ಕೆ ಮುಖದ ತುಂಬ ದಪ್ಪ ಮೀಸೆ ಇರುತ್ತದಂತೆ. ಹಿಡಿದ ಹುಳು ಒದ್ದಾಡುವಾಗ ಮುಖಕ್ಕೆ ಪೆಟ್ಟಾಗದಿರಲೆಂದು ದೇವರೇ ಕೊಟ್ಟ ಕಾವಲಂತೆ. ಅದನ್ನು ನಾನು ಯಾವಾಗ ಅಳಿಸಿದೆನೋ ನನಗೇ ನೆನಪಿಲ್ಲ. ಸುರೇಬಾನದ ದರೋಡೆಕೋರನನ್ನು ನಮ್ಮ ಸ್ಟುಡಿಯೋದ ಪದ್ಧತಿಯಂತೆ ಮದುಮಗಳನ್ನಾಗಿ ಮಾಡಿ ಕೂರಿಸಿದ್ದೆ. ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಬೇರೆ. ಆದರೂ ಚರ್ಚಾಪಟು ಅಷ್ಟು ಸುಲಭಕ್ಕೆ ಸೋಲುತ್ತಾನೆಯೇ? ಇದು ಹೆಣ್ಣು ನೊಣ ಇರಬಹುದಲ್ಲವೇ ಎಂದು ಮರುಪ್ರಶ್ನೆ ಹಾಕಿದೆ.

"ಈ ಜಾತಿಯೊಳಗ ಹೆಣ್ಣಿಗೂ ಮೀಸಿ ಇರತಾವು" ಎಂದರು ಮೇಡಂ. ಸುತ್ತ ನಿಂತವರು ನಕ್ಕರು. ಮೂಲ ಫೋಟೋ ಏನಾದರೂ ಇದೆಯೇ ಎಂದು ಅವರು ಕೇಳಿದಾಗ ಈರಣ್ಣ ಹಿಂದೆಮುಂದೆ ನೋಡಿ, ಜೇಬಿನಿಂದ ಮೊಬೈಲ್ ತೆಗೆದು ತೋರಿಸಿದ. ಅದೇ ನೊಣ, ಕಪ್ಪು ಬಿಳುಪಿನಲ್ಲೇ. ಮೀಸೆಯ ಒಂದೊಂದು ಕೂದಲೂ ಕತ್ತಲೆಯಲ್ಲಿ ಬೇರೆಬೇರೆಯಾಗಿ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಕುಳಿತು ತಾನೇ ಮೊಬೈಲಿನಲ್ಲಿ ಮೊದಲು ಮಾಡಿಟ್ಟದ್ದು ಎಂದ, ಕಳ್ಳತನ ಮಾಡಿದವನ ದನಿಯಲ್ಲಿ. ಅದು ನನ್ನದಕ್ಕಿಂತ ಸ್ವಲ್ಪ ಚೆನ್ನಾಗಿತ್ತು. 'ಸ್ವಲ್ಪ' ಎಂಬ ಪದವನ್ನು ಯೋಚಿಸಿಯೇ ಬರೆದಿದ್ದೇನೆ. ಮೇಡಂ ಇದನ್ನೇ ದೊಡ್ಡದು ಮಾಡಿಸಿ ತರಲು ಹೇಳಿ, ಹೆಸರು ಏನಂತ ಬರೆಯಲಿ ಎಂದು ಪೆನ್ನು ತೆಗೆದರು.

"ಎರಡೂ ಹೆಸರು ಬರೀರಿ, ಮೇಡಂ. ಇಬ್ಬರೂ ಕೂಡಿ ಮಾಡೇವಿ" ಎಂದ ಈರಣ್ಣ.

ಎದ್ದು ನಿಂತು ಆಕ್ಷೇಪಿಸಬೇಕಾದ ಜಾಗ ಅದೇ ಆಗಿತ್ತು. ನಾನು ಆ ಫೋಟೋದ ಒಂದು ಚುಕ್ಕೆಯನ್ನೂ ಮುಟ್ಟಿರಲಿಲ್ಲ. ಆದರೆ ಮೇಡಂ ಕೇಳುವ ಮೊದಲೇ ನನ್ನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದ್ದೆ. ನೋಡಿದವರೆಲ್ಲ ಈರಣ್ಣನದು ಎಷ್ಟು ದೊಡ್ಡ ಮನಸ್ಸು ಎಂದು ಮಾತಾಡಿಕೊಂಡರು. ತಾಳ್ಮೆಯ ಪಕ್ಕದಲ್ಲಿ ಈಗ ಅದೂ ಸೇರಿತು. ಫೋಟೋದಲ್ಲಿ ಸೋತದ್ದನ್ನು ಹೇಗೋ ತಡೆದುಕೊಂಡೇನು, ಒಳ್ಳೆಯತನದಲ್ಲೂ ಒಬ್ಬ ಮನುಷ್ಯ ಮುಂದೆ ಹೋಗಿಬಿಟ್ಟರೆ ಉಳಿದವರು ಬದುಕುವುದು ಹೇಗೆ?

ಮರಳುವಾಗ ಅವನದೇ ಬೈಕಿನಲ್ಲಿ ಹಿಂದೆ ಕುಳಿತಿದ್ದೆ. ಅವನು ಏನೂ ಆಗದವನಂತೆ ಗೋವಿನಜೋಳದ ಸೈನಿಕ ಹುಳುವಿನ ವಿಷಯ ಮಾತಾಡುತ್ತಿದ್ದ. ಉಗರಗೋಳ ಕ್ರಾಸಿನ ಹತ್ತಿರ ತಡೆಯಲಾರದೆ ಅವನ ಹೆಗಲು ತಟ್ಟಿ ಕೇಳಿಯೇಬಿಟ್ಟೆ.

"ಈರಣ್ಣಾ, ಅಷ್ಟ್ ಚಲೋ ಫೋಟೋ ನಿನ್ನ ಹಂತ್ಯಾಕ ಮೊದ್ಲ ಇತ್ತಂದ್ರ, ನನ್ನ ಕೈಯಾಗ ಯಾಕ ತಂದು ಕೊಟ್ಟಿ?"