ಸಾಹೇಬರಿಗೊಂದು ಶಿಷ್ಟ ಉತ್ತರ

ಸೇಡಂನ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದ ರಘೂತ್ತಮ ಆ ಶನಿವಾರ ಸಂಜೆ ಚಹಾ ಕುಡಿಯುತ್ತ ಹೆಂಡತಿಯ ಮುಂದೆ ಘೋರ ಪ್ರತಿಜ್ಞೆ ಮಾಡಿದ. "ಇನ್ನ ಮ್ಯಾಲ ಯಾವ ಈಮೇಲ್ ಬಂದ್ರೂ ಅರ್ಧ ತಾಸಿನ್ಯಾಗ ಉತ್ತರ! 'ಮಾನ್ಯರೇ'ಯಿಂದ 'ತಮ್ಮ ವಿಶ್ವಾಸಿ' ತನಕ ಒಂದು ಕಾಮಾ ಸುದ್ದಾ ತಪ್ಪಂಗಿಲ್ಲ!"

"ಮದ್ಲು ನಮ್ಮಣ್ಣನ ಫೋನಿಗೆ ಉತ್ತರ ಕೊಡ್ರಿ" ಎಂದಳು ಶುಭಾ. ಮರುದಿನ ಚಿತ್ತಾಪುರದಲ್ಲಿ ಅವಳ ಅಣ್ಣನ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು.

ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಮೇಲಧಿಕಾರಿ ತಮ್ಮಣ್ಣ ಸಾಹೇಬರ ಮೇಲ್! ನಾಳೆ ಭಾನುವಾರ ಶಹಾಬಾದಿನಲ್ಲಿ ಸಭೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಐದೂ ಕಚೇರಿಯವರು ಬರಬೇಕು. ರಘೂತ್ತಮನ ಬಡ್ತಿಯ ಕಡತ ಇದೇ ಸಾಹೇಬರ ಮೇಜಿನ ಮೇಲಿತ್ತು. ತನ್ನ ಶಿಷ್ಟಾಚಾರವನ್ನು ಐದೂ ಊರು ನೋಡಲಿ ಎಂದು 'ಎಲ್ಲರಿಗೂ ಉತ್ತರಿಸಿ' ಒತ್ತಿ, ಮೈಕಿನ ಗುಂಡಿ ಅದುಮಿದ. ಬಾಯಿಂದ ಹೇಳಿದರೆ ಸಾಕು, ಮೊಬೈಲು ತಾನೇ ಬರೆದುಕೊಳ್ಳುತ್ತಿತ್ತು.

"ಮಾನ್ಯರೇ, ತಮ್ಮ ಪತ್ರ ತಲುಪಿ ಪರಮಾನಂದವಾಯಿತು. ನಾಳಿನ ಸಭೆಗೆ..."

"ನಾಳಿಗೇನ್ರಿ?" ಶುಭಾ ಲಟ್ಟಣಿಗೆ ಹಿಡಿದೇ ಬಂದಳು. "ಐತವಾರ ಮೀಟಿಂಗ್ ಇಡ್ಲಿಕ್ಕೆ ಆ ಸಾಹೇಬ್ರಿಗೆ ಹೆಂಡ್ರು ಮಕ್ಳು ಇಲ್ಲೇನು?"

"ಏ, ಅವ್ರಿಗೆ ಮನ್ಯಾಗ ಕುಂದರ್ಲಿಕ್ಕೆ ಬ್ಯಾಸರ. ನಮ್ಮ ಮುಂದ ಎರಡು ತಾಸು ಭಾಷಣ ಹೊಡೀತಾರ. ಚಿಂಚೋಳಿ ದೇವಿಂದ್ರಪ್ಪ ಅಂತೂ ಕಣ್ಣು ತೆರಕೊಂಡೇ ನಿದ್ದಿ ಮಾಡ್ತಾನ!"

"ನಾ ಹೇಳ್ತೀನಿ, ಬರೀರಿ. ಕೂಸಿಗೆ ಹೆಸರಿಡೋದದ, ಬರಂಗಿಲ್ಲ. ಸೋಮವಾರ ಇಡ್ರಿ. ಮುಗೀತು!"

"ಹಂಗ ಬರದ್ರ ಶಿಷ್ಟಾಚಾರ ಏನಾಗ್ಬೇಕು?" ಎಂದು ಗದರಿ, ಮೊಬೈಲಿನ ಕಡೆ ತಿರುಗಿ "ತಪ್ಪದೇ ಹಾಜರಾಗುತ್ತೇನೆ. ತಮ್ಮ ವಿಶ್ವಾಸಿ, ರಘೂತ್ತಮ" ಎಂದ. ಓದಿ ನೋಡದೆ ಕಳಿಸಿಯೂ ಬಿಟ್ಟ. ಮೈಕು ನಡುವೆ ಒಂದು ಕ್ಷಣವೂ ಕಿವಿ ಮುಚ್ಚಿರಲಿಲ್ಲ!

ಮೊದಲು ವಾಡಿಯ ಗುಲಾಮ ದಸ್ತಗೀರ ಎಲ್ಲರಿಗೂ ಬರೆದ: "ಮೇಲಿನ ಅಭಿಪ್ರಾಯಕ್ಕೆ ನಮ್ಮ ಕಚೇರಿಯ ಸಹಮತವಿದೆ." ಚಿತ್ತಾಪುರದ ಜಗದೇವಿ ಮೇಡಂ: "ಕೂಸಿಗೆ ಶುಭಾಶಯ." ಚಿಂಚೋಳಿಯಿಂದ: "ಅದು ನಿದ್ದೆಯಲ್ಲ, ಧ್ಯಾನ. ಇಂತಿ, ದೇವಿಂದ್ರಪ್ಪ."

ರಘೂತ್ತಮ ಕಳಿಸಿದ್ದನ್ನು ತೆರೆದು ಓದಿದ. "ಶುಭಾ, ನನ್ನ ಬಡ್ತಿ ಮಣ್ಣಾತು!" ಎನ್ನುತ್ತ ಈ ಸಲ ಬೆರಳಿನಿಂದಲೇ ಕುಟ್ಟಿದ, ಅದನ್ನೂ ಎಲ್ಲರಿಗೂ: "ಕ್ಷಮಿಸಬೇಕು. ಅವೆಲ್ಲ ನನ್ನ ಹೆಂಡತಿ ಶುಭಾಳ ಮಾತು. ನನ್ನದು 'ಮಾನ್ಯರೇ' ಮತ್ತು 'ತಮ್ಮ ವಿಶ್ವಾಸಿ' ಮಾತ್ರ."

ಹಿಂದೆ ನಿಂತು ಓದಿದ ಶುಭಾ ಕೇಳಿದಳು: "ಭಾಷಣ ಹೊಡೀತಾರ ಅಂದಾಕಿ ನಾನೇನ್ರಿ?"

ಹತ್ತು ನಿಮಿಷಕ್ಕೆ ಮತ್ತೆ ಟಿಣ್! ಸಾಹೇಬರ ಉತ್ತರ. ರಘೂತ್ತಮ ಅವಸರದಿಂದ ತೆರೆದ.

"ಮಾನ್ಯ ಶುಭಾ ಅವರೇ, ನಮ್ಮ ಮನೆಯಲ್ಲೂ ಇದನ್ನೇ ಹೇಳಿದರು. ಸಭೆಯನ್ನು ಸೋಮವಾರಕ್ಕೆ ಮುಂದೂಡಲಾಗಿದೆ. ತಮ್ಮ ವಿಶ್ವಾಸಿ, ತಮ್ಮಣ್ಣ."

ಕೆಳಗೆ ಇನ್ನೊಂದು ಸಾಲಿತ್ತು:

"ಪ್ರತಿ: ರಘೂತ್ತಮ, ಹೆಡ್ ಕ್ಲರ್ಕ್, ಸೇಡಂ. ಮಾಹಿತಿಗಾಗಿ ಮಾತ್ರ. ದಯವಿಟ್ಟು ಉತ್ತರಿಸಬೇಡಿ!"